ರೂಟ್ಸ್ ಮನುವಾನನ್ನು ಕೇಳುವುದು ಹೇಗೆ: ಬೇಸ್‌ನಿಂದ ಶುರು ಮಾಡಿ

ಮೊದಲು ಫೋನಿನ ಸ್ಪೀಕರ್ ಬಿಟ್ಟು ಒಂದು ಒಳ್ಳೆಯ ಹೆಡ್‌ಫೋನ್ ಹುಡುಕಿ. ಕಾರಿದ್ದರೆ ಇನ್ನೂ ಒಳ್ಳೆಯದು, ಗಾಜು ಏರಿಸಿ ಕೂತುಕೊಳ್ಳಿ. ಫೋನಿನ ಪುಟಾಣಿ ಸ್ಪೀಕರಿನಲ್ಲಿ 200 ಹರ್ಟ್ಸ್‌ಗಿಂತ ಕೆಳಗಿನ ದಪ್ಪ ಸದ್ದು, ಅಂದರೆ ಬೇಸ್, ಹೆಚ್ಚುಕಮ್ಮಿ ಬರುವುದೇ ಇಲ್ಲ. ಲಂಡನ್ನಿನ ರ‍್ಯಾಪರ್ ರೂಟ್ಸ್ ಮನುವಾನ ಹಾಡಿನಲ್ಲಿ ಅರ್ಧ ವಿಷಯ ಇರುವುದೇ ಅದಕ್ಕಿಂತ ಕೆಳಗೆ. ಫೋನಿನಲ್ಲಿ ಕೇಳಿ "ಯಾರೋ ದಪ್ಪ ದನಿಯವನು ಗೊಣಗುತ್ತಿದ್ದಾನೆ, ಅಷ್ಟೇ ಅಲ್ವಾ" ಅಂದವರನ್ನು ನಾನು ಬೈಯುವುದಿಲ್ಲ. ಅವರಿಗೆ ಹಾಡು ಇನ್ನೂ ತಲುಪಿಲ್ಲ.

ನಾನು ತುಮಕೂರಿನಲ್ಲಿ ಸೌಂಡ್ ಬಾಡಿಗೆಗೆ ಕೊಡುವವನು. ಮದುವೆ, ಗಣೇಶನ ಪೆಂಡಾಲು, ಆರ್ಕೆಸ್ಟ್ರಾ, ಪೆಂಟೆಕೋಸ್ಟ್ ಎಂಬ ಕ್ರೈಸ್ತ ಪಂಥದ ಸಭೆಯವರ ಪ್ರಾರ್ಥನಾ ಕೂಟ, ಎಲ್ಲಕ್ಕೂ ಅದೇ ಬಾಕ್ಸು, ಅದೇ ಮಿಕ್ಸರ್. ಲಂಡನ್ನಿನ ರ‍್ಯಾಪ್ ಬಗ್ಗೆ ಮಾತಾಡಲು ನನಗಿರುವ ಅರ್ಹತೆ ಇಷ್ಟೇ: ಬೇಸ್ ಎಲ್ಲಿದೆ, ಏನು ಮಾಡುತ್ತಿದೆ ಅಂತ ಗೊತ್ತಾಗುತ್ತದೆ. ಹಾಗಾಗಿ ನನ್ನ ದಾರಿ ಬೇರೆ. ರ‍್ಯಾಪ್ ಅಂದ ಕೂಡಲೇ ಎಲ್ಲರೂ ಮಾತಿಗೆ ಕೈ ಹಾಕುತ್ತಾರೆ, ಲಿರಿಕ್ಸ್ ತೆಗೆದಿಟ್ಟುಕೊಂಡು ಪರೀಕ್ಷೆಗೆ ಓದಿದಂತೆ ಓದುತ್ತಾರೆ. ನಾನು ಹೇಳುವುದು ತಲೆಕೆಳಗು. ಮೊದಲು ಬೇಸ್, ಆಮೇಲೆ ದನಿ, ಎಲ್ಲಕ್ಕಿಂತ ಕೊನೆಗೆ ಮಾತು. ದೇವರ ವಿಷಯ ಆ ಮೂರರ ಒಳಗೂ ಇದೆ, ಅದನ್ನು ಬೇರೆಯಾಗಿ ಹುಡುಕಬೇಕಿಲ್ಲ.

ಕೇಳುವ ಮುಂಚೆ ಈತ ಯಾರು ಅಂತ ಸ್ವಲ್ಪ ತಿಳಿದಿರಲಿ. ನಿಜ ಹೆಸರು ರಾಡ್ನಿ ಸ್ಮಿತ್, ಹುಟ್ಟಿದ್ದು 1972ರಲ್ಲಿ. ಬೆಳೆದದ್ದು ದಕ್ಷಿಣ ಲಂಡನ್ನಿನ ಸ್ಟಾಕ್‌ವೆಲ್ ಎಂಬಲ್ಲಿ. ಅಪ್ಪ ಅಮ್ಮ ಕೆರಿಬಿಯನ್ ದ್ವೀಪ ಜಮೈಕಾದ ಬನಾನಾ ಹೋಲ್ ಅನ್ನುವ ಸಣ್ಣ ಹಳ್ಳಿಯವರು. ಅಪ್ಪ ಟೈಲರ್, ಜೊತೆಗೆ ಚರ್ಚಿನಲ್ಲಿ ಪ್ರಸಂಗ ಮಾಡುವವರು. ಮನೆಯಲ್ಲಿ ದುಡ್ಡು ಕಡಿಮೆ, ಪೆಂಟೆಕೋಸ್ಟ್ ಶಿಸ್ತು ಜಾಸ್ತಿ.

ಸ್ಟಾಕ್‌ವೆಲ್ ಪಕ್ಕದಲ್ಲೇ ಬ್ರಿಕ್ಸ್‌ಟನ್ ಇದೆ. ಜಮೈಕಾದವರು ಅಲ್ಲೇ ಯಾಕೆ ನೆಲೆಯೂರಿದರು ಅನ್ನುವುದಕ್ಕೆ ಒಂದು ಚಿಕ್ಕ ಕಾರಣವಿದೆ. 1948ರ ಜೂನ್‌ನಲ್ಲಿ ಜಮೈಕಾ ಕಡೆಯ ವಲಸಿಗರನ್ನು ಹೊತ್ತ ಎಂಪೈರ್ ವಿಂಡ್‌ರಷ್ ಹಡಗು ಲಂಡನ್ ಹತ್ತಿರದ ಟಿಲ್‌ಬರಿ ಬಂದರಿಗೆ ಬಂತು. ಉಳಿಯಲು ಜಾಗ ಇಲ್ಲದ 200ಕ್ಕೂ ಹೆಚ್ಚು ಜನರನ್ನು ಕ್ಲಾಪಮ್ ಸೌತ್‌ನಲ್ಲಿ ನೆಲದಡಿಯ ಆಶ್ರಯತಾಣದಲ್ಲಿ ಇಳಿಸಿದರು. ಯುದ್ಧದ ಕಾಲದಲ್ಲಿ ಬಾಂಬಿಗೆ ಹೆದರಿ ತೋಡಿದ್ದ ಸುರಂಗ ಅದು. ಅಲ್ಲಿಗೆ ಹತ್ತಿರದ ಉದ್ಯೋಗ ಕಚೇರಿ ಬ್ರಿಕ್ಸ್‌ಟನ್ನಿನ ಕೋಲ್ಡ್‌ಹಾರ್ಬರ್ ಲೇನ್‌ನಲ್ಲಿತ್ತು. ಕೆಲಸ ಹುಡುಕಿ ಹೋದವರು ಅಲ್ಲೇ ಸುತ್ತಮುತ್ತ ರೂಮು ಹಿಡಿದರು. ಆಮೇಲೆ ನೆಂಟರು ಬಂದರು, ಊರಿನವರು ಬಂದರು. ಅವರ ಜೊತೆ ಎರಡು ವಿಷಯವೂ ಬಂದವು. ಒಂದು ಚರ್ಚ್, ಇನ್ನೊಂದು ಸೌಂಡ್ ಸಿಸ್ಟಮ್. ರಾಡ್ನಿ ಸ್ಮಿತ್‌ನ ಹಾಡೆಲ್ಲ ಈ ಎರಡರ ಜಗಳ.

ಈಗ ಬೇಸ್. ಜಮೈಕಾದಲ್ಲಿ ಸೌಂಡ್ ಸಿಸ್ಟಮ್ ಅಂದರೆ ಬರೀ ಉಪಕರಣ ಅಲ್ಲ, ಒಂದು ತಂಡ. ಬ್ಯಾಂಡ್ ಕರೆಸುವಷ್ಟು ದುಡ್ಡಿಲ್ಲದ ಕಿಂಗ್‌ಸ್ಟನ್ನಿನ ಜನ ಬಯಲಲ್ಲಿ ದೊಡ್ಡ ಬಾಕ್ಸ್ ಪೇರಿಸಿ, ರೆಕಾರ್ಡ್ ಹಾಕಿ ಕುಣಿಯುತ್ತಿದ್ದರು. ಒಬ್ಬ ರೆಕಾರ್ಡ್ ಆರಿಸುತ್ತಾನೆ, ಒಬ್ಬ ಮೈಕ್ ಹಿಡಿದು ಅದರ ಮೇಲೆ ಮಾತಾಡುತ್ತಾನೆ. ಕಿಂಗ್ ಟಬ್ಬಿ ಎಂಬಾತನ ಸೌಂಡ್‌ನಲ್ಲಿ ಯು-ರಾಯ್ ಹೀಗೆ ಮಾತಾಡಿ 1970ರ ಹೊತ್ತಿಗೆ ಹೆಸರು ಮಾಡಿದ. ಟಬ್ಬಿ ಮೂಲತಃ ಎಲೆಕ್ಟ್ರಾನಿಕ್ಸ್ ರಿಪೇರಿಯವನು, ನಮ್ಮ ಪೈಕಿ. ಹಾಡಿನಿಂದ ಗಾಯಕನನ್ನು ತೆಗೆದುಹಾಕಿ, ಬೇಸ್ ಮತ್ತು ಡ್ರಮ್ ಮಾತ್ರ ಬಿಟ್ಟು, ಅಲ್ಲೊಂದು ಇಲ್ಲೊಂದು ತುಣುಕು ದನಿಯನ್ನು ಎಕೋಗೆ ಎಸೆಯುವುದು ಅವನ ಕೈಚಳಕ. ಅದಕ್ಕೇ ಡಬ್ ಅನ್ನುವುದು. ಮಿಕ್ಸರ್ ಕೂಡ ಒಂದು ವಾದ್ಯ ಅಂತ ಜಗತ್ತಿಗೆ ತೋರಿಸಿದವರಲ್ಲಿ ಇವನೂ ಒಬ್ಬ. ನಮ್ಮಲ್ಲಿ ಮಿಕ್ಸರ್ ಮುಂದೆ ಕೂತವನನ್ನು "ಸೌಂಡ್ ಸ್ವಲ್ಪ ಜಾಸ್ತಿ ಮಾಡಪ್ಪ" ಅನ್ನೋದಕ್ಕೆ ಮಾತ್ರ ಮಾತಾಡಿಸುತ್ತಾರೆ, ಇರಲಿ.

ಲಂಡನ್ನಿನಲ್ಲಿ ಕ್ಲಬ್‌ಗಳು ಕರಿಯರನ್ನು ಬಾಗಿಲಲ್ಲೇ ತಡೆಯುತ್ತಿದ್ದ ಕಾಲದಲ್ಲಿ ಇದೇ ಸೌಂಡ್‌ಗಳು ಮನೆಯ ನೆಲಮಾಳಿಗೆಯಲ್ಲಿ ನಡೆದವು. ರಾಡ್ನಿ ಚಿಕ್ಕವನಿದ್ದಾಗ ಸ್ಟಾಕ್‌ವೆಲ್ ಸ್ಕೇಟ್ ಪಾರ್ಕ್ ಬಳಿ ಯಾರೋ ಸೌಂಡ್ ಕಟ್ಟುತ್ತಿದ್ದುದನ್ನು ನೋಡಿದ್ದನಂತೆ. ಕೆಲವರು ಸುಮ್ನೆ ನಿಂತು ತಮ್ಮದೇ ಬೇಸ್ ಕೇಳಿ ಖುಷಿಪಡುತ್ತಿದ್ದರು ಅಂತ ಆತ ಹೇಳಿಕೊಂಡಿದ್ದಾನೆ. ಇದನ್ನು ಓದಿದಾಗ ನನಗೆ ವಿವರಣೆಯೇ ಬೇಕಾಗಲಿಲ್ಲ. ಕನೆಕ್ಷನ್ ಎಲ್ಲ ಮುಗಿಸಿ, ಜನ ಬರುವ ಮುಂಚೆ ಖಾಲಿ ಮೈದಾನದಲ್ಲಿ ಬಾಕ್ಸ್ ಮುಂದೆ ಕೈಕಟ್ಟಿ ನಿಲ್ಲುವ ಆ ಹೊತ್ತು ಇದೆಯಲ್ಲ, ಅದಕ್ಕಾಗಿಯೇ ಈ ಕೆಲಸದಲ್ಲಿ ಉಳಿದವರಿದ್ದಾರೆ.

ನೀವು ಮಾಡಬೇಕಾದದ್ದು ಇಷ್ಟು. 2001ರ "ವಿಟ್ನೆಸ್ (ಒನ್ ಹೋಪ್)" ಹಾಕಿ. ಈಕ್ವಲೈಜರ್‌ನಲ್ಲಿ ಬೇಸ್ ಬೂಸ್ಟ್ ಇದ್ದರೆ ತೆಗೆಯಿರಿ, ಅದು ಎಲ್ಲವನ್ನೂ ಕಲಸಿಬಿಡುತ್ತದೆ. ಮಾತಿನ ಕಡೆ ಗಮನ ಕೊಡಬೇಡಿ. ಕೆಳಗೆ ಒಂದು ಸಿಂಥಸೈಜರ್ ಬೇಸ್ ಕೆಸರಲ್ಲಿ ಕಾಲಿಟ್ಟ ಹಾಗೆ ಪಚಪಚ ನಡೆಯುತ್ತದೆ. ಅದನ್ನು ಬಾಯಲ್ಲಿ ಗುನುಗಲು ಬರುವ ತನಕ ಕೇಳಿ. ಆಮೇಲೆ ಅದೇ ಹಾಡಿರುವ "ರನ್ ಕಮ್ ಸೇವ್ ಮಿ" ಆಲ್ಬಮ್ ಪೂರ್ತಿ ಕೇಳಿ, ಅದರ ಬೆನ್ನಿಗೇ 2002ರ "ಡಬ್ ಕಮ್ ಸೇವ್ ಮಿ". ತನ್ನದೇ ಆಲ್ಬಮ್ ಬಿಚ್ಚಿ ಡಬ್ ಮಾಡಿದ್ದು ಅದು. ಮೊದಲನೆಯದರಲ್ಲಿ ಇದ್ದ ಯಾವುದು ಎರಡನೆಯದರಲ್ಲಿ ಮಾಯವಾಗಿದೆ ಅಂತ ನೋಡುತ್ತಾ ಹೋಗಿ. ಇನ್ನೂ ಹಸಿವಿದ್ದರೆ 2010ರ "ಡಪ್ಪಿ ರೈಟರ್" ಇದೆ. ರಾಂಗ್‌ಟಾಮ್ ಎಂಬ ನಿರ್ಮಾಪಕ ಈತನ ಹಳೆಯ ಹಾಡುಗಳ ದನಿಯನ್ನು ತೆಗೆದು ಹಳೇ ಶೈಲಿಯ ಜಮೈಕಾದ ರೆಗ್ಗೇ ತಾಳಗಳ ಮೇಲೆ ಕೂರಿಸಿದ್ದಾನೆ. ಮಾತು ಅದೇ, ನೆಲ ಬೇರೆ. ಈತನ ಬೇರು ಎಷ್ಟು ಜಮೈಕಾದ್ದು ಅಂತ ಅಲ್ಲಿ ನಿಚ್ಚಳವಾಗಿ ಕೇಳುತ್ತದೆ.

ಎರಡನೆಯದು ದನಿ. ಇಲ್ಲಿ ಚರ್ಚ್ ಬರುತ್ತದೆ. ಕೆರಿಬಿಯನ್‌ನಿಂದ ಬಂದ ಕ್ರೈಸ್ತರಿಗೆ ಇಂಗ್ಲೆಂಡಿನ ಎಷ್ಟೋ ಚರ್ಚುಗಳಲ್ಲಿ ತಣ್ಣನೆಯ ಸ್ವಾಗತ ಸಿಕ್ಕಿತು. ಹಾಗಾಗಿ ಅವರು ತಮ್ಮದೇ ಸಭೆ ಕಟ್ಟಿಕೊಂಡರು, ಬಾಡಿಗೆ ಹಾಲ್‌ಗಳಲ್ಲಿ, ಮನೆಗಳಲ್ಲಿ. ಪೆಂಟೆಕೋಸ್ಟ್ ಕೂಟಕ್ಕೆ ಮೈಕ್ ಕಟ್ಟಿದವರಿಗೆ ಆ ದನಿಯ ಏರಿಳಿತ ಚೆನ್ನಾಗಿ ಗೊತ್ತು. ಸಭಾಪಾಲಕರು ಮೆಲ್ಲಗೆ ಶುರು ಮಾಡುತ್ತಾರೆ. ಒಂದು ಸಾಲು ಹೇಳಿ ನಿಲ್ಲುತ್ತಾರೆ. ಆ ನಿಲುಗಡೆಯಲ್ಲಿ ಜನ ಆಮೆನ್ ಅನ್ನಬೇಕು. ಮತ್ತೆ ಅದೇ ಸಾಲು, ಸ್ವಲ್ಪ ಮೇಲೆ. ಇಂಥವರ ಮೈಕಿಗೆ ಲೆವೆಲ್ ಇಡುವುದು ಕಷ್ಟ, ಪಿಸುಮಾತಿಗೂ ಕೂಗಿಗೂ ಮಿಕ್ಸರಿನಲ್ಲಿ ಸದ್ದು ಏರಿಳಿಸುವ ಗುಂಡಿ, ಫೇಡರ್, ಒಂದೇ.

ರೂಟ್ಸ್ ಮನುವಾ ಕೂಗುವುದೇ ಇಲ್ಲ. ಆದರೆ ಆ ನಿಲುಗಡೆ ಹಾಗೇ ಉಳಿದಿದೆ. ಸಾಲಿನ ಕೊನೆಗೆ ಬಿಡುವ ಜಾಗ ಕೇಳಿ. ಬೇರೆ ರ‍್ಯಾಪರ್ ಆಗಿದ್ದರೆ ಇನ್ನೆರಡು ಪ್ರಾಸ ತುರುಕುತ್ತಿದ್ದ. ಈತ ಬಿಟ್ಟುಬಿಡುತ್ತಾನೆ, ಬೇಸ್ ಬಂದು ಆಮೆನ್ ಹೇಳುತ್ತದೆ. ಇದು ನನ್ನ ಕಿವಿಯ ಅಭಿಪ್ರಾಯ, ಒಪ್ಪದಿದ್ದರೂ ಪರವಾಗಿಲ್ಲ. ಹಾಗೇ ಉಚ್ಚಾರಣೆಯನ್ನೂ ಗಮನಿಸಿ. ಒಂದು ಪದ ಜಮೈಕಾದ್ದು, ಮುಂದಿನದು ಪಕ್ಕಾ ದಕ್ಷಿಣ ಲಂಡನ್ನಿನದು, ನಡುವೆ ಮೇಷ್ಟರ ಥರ ಒಂದು ಗಂಭೀರ ಪದ. ಬ್ರಿಟನ್ನಿನ ಎಷ್ಟೋ ರ‍್ಯಾಪರ್‌ಗಳು ಆಗ ಅಮೆರಿಕದ ನಾಲಿಗೆ ಎರವಲು ತಂದು ಹಾಡುತ್ತಿದ್ದರು. ಲಂಡನ್ ಪೋಸ್ ಎಂಬ ತಂಡ ಅದನ್ನು ಮುರಿದು ತಮ್ಮ ಊರಿನ ದನಿಯಲ್ಲೇ ರ‍್ಯಾಪ್ ಮಾಡಿ ತೋರಿಸಿತ್ತು, 1990ರ ಅವರ "ಗ್ಯಾಂಗ್‌ಸ್ಟರ್ ಕ್ರಾನಿಕಲ್" ಆಲ್ಬಮ್ ಕೇಳಿದರೆ ಗೊತ್ತಾಗುತ್ತದೆ. ಆ ಬಾಗಿಲಿನಿಂದ ಬಂದವರಲ್ಲಿ ಈತನೂ ಒಬ್ಬ.

ಕೊನೆಗೆ ಮಾತು. ಈಗ ಬೇಕಾದರೆ ಲಿರಿಕ್ಸ್ ತೆರೆಯಿರಿ. "ವಿಟ್ನೆಸ್" ಹಾಡಿನಲ್ಲಿ ಚಿನ್ನದ ಸರ ಇಲ್ಲ, ದೊಡ್ಡ ಕಾರಿಲ್ಲ. ಬ್ರೆಡ್ ಮೇಲೆ ಚೀಸ್ ಹಾಕಿ ಸುಟ್ಟ ತಿಂಡಿ ಇದೆ, ಇಂಗ್ಲಿಷ್ ಪಬ್ಬಿನ ಕಹಿ ಬಿಯರ್ ಇದೆ. ವಿಡಿಯೋ ಇನ್ನೂ ಮಜಾ. ಈತ ತಾನು ಓದಿದ ಪ್ರೈಮರಿ ಶಾಲೆಗೆ ಹೋಗಿ, ಕ್ರೀಡಾಕೂಟದಲ್ಲಿ ಪುಟ್ಟ ಮಕ್ಕಳ ಜೊತೆ ಓಡಿ, ನಾಚಿಕೆಯಿಲ್ಲದೆ ಗೆಲ್ಲುತ್ತಾನೆ. 1999ರ ಮೊದಲ ಆಲ್ಬಮ್ಮಿಗೆ "ಬ್ರ್ಯಾಂಡ್ ನ್ಯೂ ಸೆಕೆಂಡ್ ಹ್ಯಾಂಡ್" ಅಂತ ಹೆಸರು. ಯಾರೋ ಬಳಸಿದ ಸಾಮಾನನ್ನು ಉಡುಗೊರೆಯಾಗಿ ಕೊಡುವಾಗ ಅಮ್ಮ ಹೇಳುತ್ತಿದ್ದ ಮಾತಂತೆ ಅದು. ನನ್ನ ಅರ್ಧ ಗೋಡೌನ್ ಕೂಡ ಅದೇ ಹೆಸರಿಗೆ ಲಾಯಕ್ಕು. ಈತನ ಸೃಜನಶೀಲತೆಯ ಗುಟ್ಟು ಹುಡುಕುವವರು ಆ ಹೆಸರಿನಿಂದ ಶುರು ಮಾಡಬಹುದು. ಅಪ್ಪನ ಪ್ರಸಂಗ, ಬೇರೆಯವರ ಬೇಸ್, ಅಮೆರಿಕದ ಹಿಪ್ ಹಾಪ್, ಅಡುಗೆಮನೆಯ ಮಾತು, ಎಲ್ಲವೂ ಬಳಸಿದ್ದೇ. ಹೊಲಿಗೆ ಮಾತ್ರ ಈತನದು.

ನಂಬಿಕೆಯ ವಿಷಯಕ್ಕೆ ಒಂದೇ ಹಾಡು ಆರಿಸಿ ಅಂದರೆ "ಸಿನ್ನಿ ಸಿನ್ ಸಿನ್ಸ್". "ರನ್ ಕಮ್ ಸೇವ್ ಮಿ"ಯಲ್ಲೇ ಇದೆ. ಚಿಕ್ಕಂದಿನ ಚರ್ಚು, ಪಾಪದ ಭಯ, ಆ ಭಯದಿಂದ ಪೂರ್ತಿ ಬಿಡಿಸಿಕೊಳ್ಳಲಾಗದ ದೊಡ್ಡವನು. ಪೆಂಟೆಕೋಸ್ಟ್ ಸಭೆಯಲ್ಲಿ ಸಾಕ್ಷಿ ಹೇಳುವ ಪದ್ಧತಿ ಇದೆ. ಒಬ್ಬೊಬ್ಬರಾಗಿ ಎದ್ದು ನಿಂತು ನಾನು ಹೀಗಿದ್ದೆ, ಹೀಗೆ ಬಿದ್ದೆ, ದೇವರು ಹೀಗೆ ಎತ್ತಿದ ಅಂತ ಎಲ್ಲರ ಮುಂದೆ ಹೇಳುತ್ತಾರೆ. ರೂಟ್ಸ್ ಮನುವಾ ಹಾಡು ಬಹುಪಾಲು ಸಾಕ್ಷಿಯೇ. ಆದರೆ ಮೂರನೇ ಭಾಗ ಇಲ್ಲ. ಎತ್ತಿದ ಅನ್ನುವಲ್ಲಿಗೆ ಬರುವುದಿಲ್ಲ. ಬಿದ್ದದ್ದನ್ನು ಹೇಳುತ್ತಾನೆ, ಅಲ್ಲೇ ಕೂತು ಒಂದು ಜೋಕ್ ಮಾಡುತ್ತಾನೆ, ಕುಡಿಯುತ್ತಾನೆ, ಮತ್ತೆ ಪ್ರಾರ್ಥನೆಗೆ ಹೊರಳುತ್ತಾನೆ. ಈತನನ್ನು "ಆಧ್ಯಾತ್ಮಿಕ ರ‍್ಯಾಪರ್" ಅಂತ ಕರೆಯುವುದು ನನಗೆ ಹಿಡಿಸುವುದಿಲ್ಲ. ಅದರಲ್ಲಿ ಸಮಾಧಾನದ ವಾಸನೆ ಇದೆ. ಇಲ್ಲಿ ಸಮಾಧಾನ ಕಡಿಮೆ.

ಅದು ಎಷ್ಟು ಕಡಿಮೆ ಅಂತ ತಿಳಿಯಲು 2005ರ "ಆಫುಲಿ ಡೀಪ್" ಆಲ್ಬಮ್ ಕೇಳಿ. ತಲೆಯೊಳಗಿನ ಒತ್ತಡ, ಹೆಸರು ಬಂದ ಮೇಲಿನ ದಣಿವು. ಶೀರ್ಷಿಕೆ ಹಾಡಿಗೆ "ಲ್ಯಾಂಬೆತ್ ಬ್ಲೂಸ್" ಅಂತ ಇನ್ನೊಂದು ಹೆಸರು. ಸ್ಟಾಕ್‌ವೆಲ್, ಬ್ರಿಕ್ಸ್‌ಟನ್ ಎರಡೂ ಬರುವುದು ಲ್ಯಾಂಬೆತ್ ಆಡಳಿತ ಪ್ರದೇಶಕ್ಕೆ. ರಾತ್ರಿ ಒಬ್ಬರೇ ಕೇಳಬೇಡಿ ಅಂತ ಹೇಳಿದರೆ ಅತಿಯಾಯಿತೇನೋ, ಆದರೆ ಬೆಳಗ್ಗೆ ಕೇಳಿದರೆ ಒಳ್ಳೆಯದು. ಹತ್ತು ವರ್ಷದ ನಂತರ, 2015ರಲ್ಲಿ "ಬ್ಲೀಡ್ಸ್" ಬಂತು. ಯೇಸುವಿನ ಹಾಗೆ ಕಲೆಗಾಗಿ ರಕ್ತ ಸುರಿಸಲು ತಯಾರಿದ್ದೇನೆ ಅಂತ ಆ ಹೆಸರಿನ ಬಗ್ಗೆ ಅರ್ಧ ತಮಾಷೆಯಾಗಿ ಹೇಳಿಕೊಂಡಿದ್ದ. ಟೈಲರ್ ಅಪ್ಪ ಇದನ್ನು ಕೇಳಿದ್ದರೆ ಏನನ್ನುತ್ತಿದ್ದರೋ. ಆಲ್ಬಮ್ ಚಿಕ್ಕದು, ಬಿಗಿಯಾಗಿದೆ. 2011ರ "ಫಾರೆವರ್‌ಎವಲ್ಯೂಷನ್" ಮಾತ್ರ ನನಗೆ ಉದ್ದ ಜಾಸ್ತಿ ಅನಿಸುತ್ತದೆ, ಆಮೇಲೆ ಕೇಳಿದರೆ ಸಾಕು. 2008ರ "ಸ್ಲೈಮ್ ಅಂಡ್ ರೀಸನ್" ಕುಣಿಯುವ ಮನಸ್ಸಿದ್ದಾಗ.

ಪ್ರಶಸ್ತಿ ಕೇಳುವವರಿಗೆ: 1999ರಲ್ಲಿ ಕರಿಯರ ಮೂಲದ ಸಂಗೀತಕ್ಕೆ ಬ್ರಿಟನ್ನಿನಲ್ಲಿ ಕೊಡುವ ಮೋಬೊ ಪ್ರಶಸ್ತಿ, 2002ರಲ್ಲಿ ವರ್ಷದ ಆಲ್ಬಮ್‌ಗೆ ಕೊಡುವ ಮರ್ಕ್ಯುರಿ ಬಹುಮಾನದ ಅಂತಿಮ ಪಟ್ಟಿ. ಸಾಕು.

ಆಲ್ಬಮ್ ಪೂರ್ತಿ ಕೇಳುವ ತಾಳ್ಮೆ ಇಲ್ಲದ ಗೆಳೆಯರಿಗೆ ನಾನು ಕೊಡುವುದು ಬೇರೆಯವರ ಆಲ್ಬಮ್‌ನಲ್ಲಿ ಈತ ಅತಿಥಿಯಾಗಿ ಬಂದ ಹಾಡುಗಳು. ಲೆಫ್ಟ್‌ಫೀಲ್ಡ್ ಜೊತೆ "ಡಸ್ಟೆಡ್", 1999. ಗೊರಿಲಾಜ್ ಜೊತೆ "ಆಲ್ ಅಲೋನ್", 2005. ಎಲ್ಲಕ್ಕಿಂತ ಮುಖ್ಯ, ಸಿನಿಮ್ಯಾಟಿಕ್ ಆರ್ಕೆಸ್ಟ್ರಾ ಜೊತೆ 2002ರ "ಆಲ್ ಥಿಂಗ್ಸ್ ಟು ಆಲ್ ಮೆನ್". ತುಂಬಾ ಹೊತ್ತು ವಾದ್ಯಗಳೇ ಇರುತ್ತವೆ, ದನಿ ಬರುವುದು ತಡವಾಗಿ. ಓಡಿಸಿ ಮುಂದೆ ಹೋಗಬೇಡಿ. ಕಾಯಿಸಿ ಬಂದ ದನಿಗೆ ಬೇರೆಯೇ ತೂಕ ಇರುತ್ತದೆ.

ಇಷ್ಟಾದ ಮೇಲೆ ಹಿಂದಕ್ಕೂ ಮುಂದಕ್ಕೂ ಹೋಗಬಹುದು. ಹಿಂದಕ್ಕೆ ಹೋದರೆ ಲೂಯಿಶಮ್‌ನ ಸ್ಯಾಕ್ಸನ್ ಸೌಂಡ್ ಎಂಬ ಸೌಂಡ್ ಸಿಸ್ಟಮ್, ಅದರಿಂದ ಬಂದ ಪಾಪಾ ಲೆವಿಯ 1984ರ "ಮಿ ಗಾಡ್ ಮಿ ಕಿಂಗ್". ಲಂಡನ್ನಿನ ಹುಡುಗ ಜಮೈಕಾದಲ್ಲೇ ನಂಬರ್ ಒನ್ ಆದ ಹಾಡು. ಮುಂದಕ್ಕೆ ಹೋದರೆ ಲಂಡನ್ನಿನ ರ‍್ಯಾಪರ್ ಸ್ಟಾರ್ಮ್‌ಜಿಯ 2017ರ "ಗ್ಯಾಂಗ್ ಸೈನ್ಸ್ ಅಂಡ್ ಪ್ರೇಯರ್". ಅಲ್ಲಿ ಚರ್ಚಿನ ಗಾಸ್ಪೆಲ್ ಶೈಲಿಯ ಕೋರಸ್ ಬಾಯ್ತುಂಬಾ ದೇವರ ಹೆಸರು ಹೇಳುತ್ತದೆ, ರೂಟ್ಸ್ ಮನುವಾನ ಹಾಗೆ ಸಾಲಿನ ಕೊನೆಗೆ ಜಾಗ ಬಿಟ್ಟು ಸುಮ್ಮನಾಗುವುದಿಲ್ಲ. ಎರಡನ್ನೂ ಒಂದೇ ವಾಲ್ಯೂಮ್‌ನಲ್ಲಿಟ್ಟು ಬೆನ್ನುಬೆನ್ನಿಗೆ ಕೇಳಿ, ಯಾರನ್ನು ನಂಬಬೇಕು ಅಂತ ನೀವೇ ಆರಿಸಿಕೊಳ್ಳಿ.