ತುಣುಕಿನಿಂದ ಬಿಡುಗಡೆಯವರೆಗೆ: ಸ್ವತಂತ್ರವಾಗಿ ಹಾಡು ಕಟ್ಟುವ ನನ್ನ ಕ್ರಮ

ಹೊಳೆದದ್ದನ್ನು ಹಿಡಿಯುವ ಕೆಲಸವನ್ನೂ ಅದನ್ನು ತಿದ್ದುವ ಕೆಲಸವನ್ನೂ ನಾನು ಒಂದೇ ದಿನ ಮಾಡುವುದಿಲ್ಲ. ರಾಗದ ತುಣುಕು ಬಂದ ಕೂಡಲೇ ಫೋನಿನಲ್ಲಿ ಅರ್ಧ ನಿಮಿಷ ಗುನುಗಿ, ಕೊನೆಯಲ್ಲಿ ಶ್ರುತಿ ಯಾವುದು, ಗಿಟಾರಿನ ಕೇಪೋ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್ಪು) ಎಷ್ಟನೇ ಫ್ರೆಟ್‌ನಲ್ಲಿದೆ, ಅಂದರೆ ಎಷ್ಟನೇ ಮನೆಯಲ್ಲಿದೆ ಎಂದು ಬಾಯಲ್ಲೇ ಹೇಳಿಬಿಡುತ್ತೇನೆ. ಗುನುಗುವಾಗ ಕಾಲಿನ ತಾಳವೂ ರೆಕಾರ್ಡಿನಲ್ಲಿ ಕೇಳಿಸಬೇಕು. ಇಲ್ಲವಾದರೆ ತಿಂಗಳ ಮೇಲೆ ಕೇಳಿದಾಗ ಸ್ವರಗಳು ಸಿಗುತ್ತವೆ, ಎಡುಪು, ಅಂದರೆ ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ, ಎಲ್ಲಿತ್ತೆಂಬುದು ಸಿಗುವುದಿಲ್ಲ. ತುಣುಕಿನ ಜೀವವಿದ್ದದ್ದು ಹೆಚ್ಚಾಗಿ ಆ ಎಡುಪಿನಲ್ಲೇ.

ಮಾತಿಗೆ ಬೇರೆ ಪುಸ್ತಕ. ಅದರಲ್ಲಿ ಭಾವನೆಯ ಹೆಸರು ಬರೆಯುವುದಿಲ್ಲ, ಕಂಡದ್ದು ಕೇಳಿದ್ದು ಮಾತ್ರ. ‘ಒಂಟಿತನ’ ಎಂದು ಬರೆದಿಟ್ಟರೆ ಅದು ಅಲ್ಲೇ ಒಣಗುತ್ತದೆ. ‘ಬೀಗ ಹಾಕಿದ ಬಾಗಿಲ ಮುಂದೆ ಮೂರು ದಿನದ ಪೇಪರು’ ಎಂದು ಬರೆದಿಟ್ಟರೆ ಅದರಿಂದ ಚರಣ ಹುಟ್ಟುತ್ತದೆ.

ಮೊದಲು ರಾಗವನ್ನು ‘ತನನ’ ಎಂದೇ ಪೂರ್ತಿ ಹಾಡಿ, ಎಲ್ಲಿ ಎಳೆಯುತ್ತೇನೆ, ಎಲ್ಲಿ ಮೊಟಕು ಎಂದು ನೋಡಿ ಲಘು–ಗುರು ಪ್ರಸ್ತಾರ ಹಾಕಿಕೊಳ್ಳುತ್ತೇನೆ. ಪದ ಹುಡುಕುವುದು ಆಮೇಲೆ. ಕನ್ನಡದಲ್ಲಿ ಹ್ರಸ್ವವನ್ನು ಎಳೆದರೆ ಪದವೇ ಬದಲಾಗುತ್ತದೆ: ‘ಬರ’ ಎಂದು ಬರೆದದ್ದು ಕೇಳುಗರ ಕಿವಿಗೆ ‘ಬಾರ’ ಆಗಿ ಬೀಳುತ್ತದೆ. ಒತ್ತಕ್ಷರದ್ದು ಇನ್ನೊಂದು ತೊಡಕು. ‘ಕತ್ತಲು’ ಹಾಡುವಾಗ ‘ತ್’ನಲ್ಲಿ ಉಸಿರು ಕಟ್ಟುತ್ತದೆ, ಸ್ವರವೂ ಅಲ್ಲೇ ನಿಲ್ಲುತ್ತದೆ, ಆದ್ದರಿಂದ ಅಂಥ ಪದಕ್ಕೆ ಗಿಡ್ಡ ಸ್ವರಗಳ ಜಾಗವೇ ಸರಿ. ಮೇಲಿನ ಸ್ಥಾಯಿಯಲ್ಲಿ ‘ಇ’, ‘ಉ’ ಗಂಟಲನ್ನು ಬಿಗಿಯುತ್ತವೆ. ಪಲ್ಲವಿಯ ಅತಿ ಎತ್ತರದ ಸ್ವರಕ್ಕೆ ‘ಆ’ ಅಥವಾ ‘ಓ’ ಬರುವಂತೆ ಸಾಲನ್ನೇ ಮಗುಚಿ ಹಾಕಲು ನಾನು ಹಿಂಜರಿಯುವುದಿಲ್ಲ.

ಹಾಡು ಅರ್ಧಕ್ಕೆ ನಿಲ್ಲುವುದು ಬಹುತೇಕ ಎರಡನೇ ಚರಣದಲ್ಲಿ. ಸ್ಫೂರ್ತಿ ಬತ್ತಿತು ಅನ್ನಿಸಿದರೂ ನಿಜವಾದ ಕಾರಣ, ಮೊದಲ ಚರಣ ಹೇಳಿದ್ದನ್ನೇ ಎರಡನೆಯದೂ ಹೇಳುತ್ತಿರುತ್ತದೆ. ಯಾರು, ಯಾರಿಗೆ, ಯಾವಾಗ ಹಾಡುತ್ತಿದ್ದಾರೆ ಎಂದು ಒಂದೇ ವಾಕ್ಯದಲ್ಲಿ ಬರೆದು, ಈ ಮೂರರಲ್ಲಿ ಒಂದನ್ನು ಬದಲಿಸಿದರೆ ಸಾಕು, ದಾರಿ ತೆರೆಯುತ್ತದೆ. ಶ್ರುತಿಯನ್ನು ನನ್ನ ಮಿತಿಗಿಂತ ಅರ್ಧ ಸ್ವರವಾದರೂ ಕೆಳಗಿಡುತ್ತೇನೆ. ಕಾರ್ಯಕ್ರಮದ ಕೊನೆಯಲ್ಲಿ ದಣಿದ ಗಂಟಲಿನಿಂದಲೂ ಅದನ್ನು ಹಾಡಬೇಕು.

ಮನೆಯಲ್ಲೇ ರೆಕಾರ್ಡ್ ಮಾಡುವಾಗ ದುಬಾರಿ ಮೈಕಿಗಿಂತ ಕೋಣೆಯೇ ಮುಖ್ಯ. ದಪ್ಪ ಕಂಬಳಿ ಅಥವಾ ಬಟ್ಟೆ ತುಂಬಿದ ಬೀರು ಬೆನ್ನ ಹಿಂದಿರಲಿ, ಮೈಕು ಬಾಯಿಂದ 15–20 ಸೆಂ.ಮೀ. ದೂರ, ನಡುವೆ ‘ಪ’, ‘ಬ’ಗಳ ಗಾಳಿಯ ಹೊಡೆತ ತಡೆಯುವ ಜಾಲರಿ, ಅಂದರೆ ಪಾಪ್ ಫಿಲ್ಟರ್. ಇನ್ನೂ ಹತ್ತಿರ ಹೋದರೆ ಕಾರ್ಡಿಯಾಯ್ಡ್ (ಮುಖ್ಯವಾಗಿ ಮುಂದಿನ ಸದ್ದನ್ನು ಹಿಡಿಯುವ) ಮೈಕು ಮಂದ್ರವನ್ನು ಉಬ್ಬಿಸುತ್ತದೆ, ಮಾತು ಮಂಕಾಗುತ್ತದೆ. ರೆಕಾರ್ಡಿಂಗ್ ಗುಣಮಟ್ಟ 24 ಬಿಟ್, 48 ಕಿಲೋಹರ್ಟ್ಸ್, ಅತಿ ಜೋರಾದ ಜಾಗದಲ್ಲೂ ಮಟ್ಟ –10 ಡಿಬಿ ಆಸುಪಾಸು (0 ದಾಟಿದರೆ ದನಿ ಒಡೆಯುತ್ತದೆ). ಸ್ಪಾಟಿಫೈ ಸಾಮಾನ್ಯವಾಗಿ ಹಾಡುಗಳನ್ನು –14 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳುವ ಜೋರಿನ ಅಳತೆ) ಸಮ ಮಾಡುತ್ತದೆ. ಬಿಡುಗಡೆಗೆ ಮುಂಚಿನ ಕೊನೆಯ ಹದವಾದ ಮಾಸ್ಟರಿಂಗ್‌ನಲ್ಲಿ ಹಿಂಡಿ ಹಿಂಡಿ ಜೋರು ಮಾಡಿದ್ದು ಅಲ್ಲಿ ಮತ್ತೆ ತಗ್ಗುತ್ತದೆ, ಹಾಡಿನ ಉಸಿರಾಟ ಹೋದದ್ದು ಮಾತ್ರ ಮರಳದು.

ಹಾಡಿನಲ್ಲಿ ಎರಡು ಹಕ್ಕುಗಳಿವೆ: ಸಾಹಿತ್ಯ–ಸಂಯೋಜನೆಯದು ಒಂದು, ಧ್ವನಿಮುದ್ರಣದ್ದು ಇನ್ನೊಂದು. ಜೊತೆಗೆ ಬರೆದವರಿದ್ದರೆ ಎರಡರಲ್ಲೂ ಯಾರಿಗೆ ಎಷ್ಟು ಶೇಕಡಾ ಎಂದು ಅದೇ ದಿನ ಬರೆದು ಸಹಿ ಮಾಡಿಸಬೇಕು. ಹಾಡು ಓಡತೊಡಗಿದ ಮೇಲೆ ಈ ಮಾತು ಎತ್ತಿದರೆ ಸ್ನೇಹವೇ ಕೆಡುತ್ತದೆ. ಡಿಸ್ಟ್ರಿಬ್ಯೂಟರ್, ಅಂದರೆ ಹಾಡನ್ನು ಸ್ಟ್ರೀಮಿಂಗ್ ತಾಣಗಳಿಗೆ ತಲುಪಿಸುವ ಸಂಸ್ಥೆ, ಸಾಮಾನ್ಯವಾಗಿ ತಂದುಕೊಡುವುದು ಧ್ವನಿಮುದ್ರಣದ ಹಣ ಮಾತ್ರ. ಸಂಯೋಜನೆಯ ಪಾಲಿಗೆ ರಾಯಲ್ಟಿ ಸಂಗ್ರಹಿಸುವ ಸಂಸ್ಥೆಯಲ್ಲಿ ನಿಜ ಹೆಸರಿನಲ್ಲೇ ನೋಂದಾಯಿಸಬೇಕು.

ಹಾಡನ್ನು ಬಿಡುಗಡೆಗೆ ನಾಲ್ಕು ವಾರ ಮೊದಲೇ ಏರಿಸುತ್ತೇನೆ. ಸ್ಪಾಟಿಫೈ ಸಂಪಾದಕರಿಗೆ ಕನಿಷ್ಠ 7 ದಿನ ಮುಂಚೆ ಹಾಡನ್ನು ಸೂಚಿಸಿದರೆ ಅದು ಹಿಂಬಾಲಕರ ‘ರಿಲೀಸ್ ರೇಡಾರ್’ ಎಂಬ ಹೊಸ ಹಾಡುಗಳ ಪಟ್ಟಿಗೆ ಸೇರುತ್ತದೆ. ಮುಖಪುಟಕ್ಕೆ 3000×3000 ಪಿಕ್ಸೆಲ್ ಚಿತ್ರ. ಕಲಾವಿದರ ಹೆಸರಿನ ಕಾಗುಣಿತ ಪ್ರತಿ ಸಲವೂ ಒಂದೇ ಇರಬೇಕು, ಒಂದು ಅಕ್ಷರ ಬೇರೆಯಾದರೆ ಹೊಸ ಪುಟ ಹುಟ್ಟಿ ಕೇಳುಗರು ಹಂಚಿಹೋಗುತ್ತಾರೆ. ಡಿಸ್ಟ್ರಿಬ್ಯೂಟರ್ ಬದಲಿಸುವಾಗ 12 ಅಕ್ಷರಾಂಕಿಗಳ ಐಎಸ್‌ಆರ್‌ಸಿ ಸಂಕೇತ (ಪ್ರತಿ ಧ್ವನಿಮುದ್ರಣದ ಗುರುತಿನ ಸಂಖ್ಯೆ) ಹಳೆಯದೇ ಇರಲಿ, ಇಲ್ಲವಾದರೆ ಎಷ್ಟು ಸಲ ಕೇಳಿದರೆಂಬ ಎಣಿಕೆ ಸೊನ್ನೆಯಿಂದ ಶುರುವಾಗಬಹುದು.

ಸ್ಟ್ರೀಮಿಂಗ್ ಹಣವನ್ನು ನೆಚ್ಚಿ ಬದುಕು ಹೂಡಬೇಡಿ. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಧ್ವನಿಮುದ್ರಣದ ರಾಯಲ್ಟಿಯೇ ಇಲ್ಲ. ವೇದಿಕೆ, ಕಲಿಸುವುದು, ಚಿತ್ರ–ಜಾಹೀರಾತುಗಳಿಗೆ ಹಾಡು ಕೊಡುವುದು, ಇವು ಹೊಟ್ಟೆ ಹೊರೆಯುವ ದಾರಿಗಳು. ಕೊನೆಯದಕ್ಕೆ ತಯಾರಿ ಮಿಕ್ಸ್ (ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸ) ಮುಗಿದ ದಿನವೇ ಆಗಬೇಕು: ದನಿಯಿಲ್ಲದ ವಾದ್ಯಮಾತ್ರ ಆವೃತ್ತಿ ಒಂದು, ಮತ್ತು ಪ್ರತಿ ಟ್ರ್ಯಾಕನ್ನೂ ಮೊದಲ ಆವರ್ತದಿಂದಲೇ ತೊಡಗುವ ಬಿಡಿ ಬಿಡಿ ವೇವ್ ಫೈಲಾಗಿ ತೆಗೆದು ಎರಡು ಕಡೆ ಇಡಿ. ಹಾಡು ಬೇಕೆಂದವರು ಅವತ್ತೇ ಕಳಿಸಿ ಅನ್ನುತ್ತಾರೆ, ಆಗ ಮತ್ತೆ ತೆಗೆಯಲು ಹೋದರೆ ಹಳೆಯ ಪ್ಲಗಿನ್‌ಗಳು (ದನಿ ತಿದ್ದುವ ಸಣ್ಣ ತಂತ್ರಾಂಶಗಳು) ಹೊಸ ಕಂಪ್ಯೂಟರಿನಲ್ಲಿ ತೆರೆಯದೇ ಹೋಗಬಹುದು.