ಗುರಿಗಳನ್ನು ಮುಂದಿಟ್ಟುಕೊಂಡು ಸಾಲದ ತಂತ್ರಾಂಶವನ್ನು ನಿರ್ಧರಿಸಿದ ಬಗೆ: ನನ್ನ ಅನುಭವ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಹಿಳಾ ಗುಂಪುಗಳಿಗೆ ಸಣ್ಣ ಸಾಲ ಕೊಡುವ ಹಣಕಾಸು ಸಂಸ್ಥೆಯೊಂದರಲ್ಲಿ ನಾನು ಎಂಟರ್‌ಪ್ರೈಸ್ ಆರ್ಕಿಟೆಕ್ಟ್, ಅಂದರೆ ಸಂಸ್ಥೆಯ ತಂತ್ರಾಂಶಗಳೆಲ್ಲ ಹೇಗೆ ಹೊಂದಿಕೊಂಡಿರಬೇಕೆಂದು ಯೋಜಿಸುವವನು, ಆಗಿದ್ದೇನೆ. ನಮ್ಮ ಸಾಲ ನಿರ್ವಹಣಾ ತಂತ್ರಾಂಶ ಹಳೆಯದಾಗಿತ್ತು. ಅದನ್ನು ಕೈಬಿಟ್ಟು ಮಾರುಕಟ್ಟೆಯ ಸಿದ್ಧ ಪ್ಯಾಕೇಜ್ ಕೊಳ್ಳುವುದೋ, ಹಳೆಯದನ್ನೇ ಉಳಿಸಿಕೊಂಡು ಸುತ್ತಲೂ ಎಪಿಐ ಪದರ (ಬೇರೆ ತಂತ್ರಾಂಶಗಳು ಅದರೊಡನೆ ಮಾಹಿತಿ ವಿನಿಮಯ ಮಾಡಿಕೊಳ್ಳುವ ಸಂಪರ್ಕ ಪದರ) ಕಟ್ಟುವುದೋ, ಎಲ್ಲವನ್ನೂ ನಾವೇ ಹೊಸದಾಗಿ ಬರೆಯುವುದೋ ಎಂಬ ಪ್ರಶ್ನೆ ಆರ್ಕಿಟೆಕ್ಚರ್ ಸಮಿತಿಯ ಮುಂದಿತ್ತು. ಸಭೆಗಳಲ್ಲಿ ಮಾತೆಲ್ಲ ಡೇಟಾಬೇಸ್, ಕ್ಲೌಡ್, ಲೈಸೆನ್ಸ್ ದರಗಳ ಸುತ್ತಲೇ ನಡೆಯುತ್ತಿತ್ತು. ಪ್ರತಿಯೊಬ್ಬರ ವಾದವೂ ಅವರವರ ಮಟ್ಟಿಗೆ ಸರಿಯಾಗಿಯೇ ಇದ್ದುದರಿಂದ ಯಾವುದೂ ಇತ್ಯರ್ಥವಾಗುತ್ತಿರಲಿಲ್ಲ. ವೈಶಿಷ್ಟ್ಯಗಳ ಪಟ್ಟಿಗೆ ಅಂಕ ಹಾಕುವ ಮೊದಲು ಯಾರಿಗೆ ಏನು ಸಾಧಿಸಬೇಕಿದೆ, ಯಾವ ಆಯ್ಕೆ ಅದಕ್ಕೆ ಹೇಗೆ ತಾಗುತ್ತದೆ ಎಂದು ಗೆರೆಗಳಿಂದ ತೋರಿಸುವ ಗುರಿಗಳ ನಕ್ಷೆಯೊಂದನ್ನು ಬರೆಯೋಣವೆಂದು ನಾನು ಕೇಳಿಕೊಂಡೆ.

ಈ ವಿಧಾನ ಹೊಸದೇನಲ್ಲ. ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಎರಿಕ್ ಯು ಅವರು 1995ರ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ರೂಪಿಸಿದ ಐ-ಸ್ಟಾರ್ ಪದ್ಧತಿಯಲ್ಲಿ ಯಾರ ಗುರಿ ಯಾರನ್ನು ಅವಲಂಬಿಸಿದೆ ಎಂಬುದೇ ಮುಖ್ಯ ಪ್ರಶ್ನೆ. ಅದರ ಕವಲಾದ ಜಿಆರ್‌ಎಲ್ ಎಂಬ ಗುರಿ ಭಾಷೆ 2008ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಝಡ್.151 ಮಾನದಂಡದೊಳಗೆ ಸೇರಿತು. ಒಂದು ಸಂಸ್ಥೆಯ ಕೆಲಸ ಮತ್ತು ತಂತ್ರಾಂಶಗಳನ್ನು ಚಿತ್ರವಾಗಿ ಬರೆಯುವ, ಓಪನ್ ಗ್ರೂಪ್ ಸಂಸ್ಥೆಯ ಆರ್ಕಿಮೇಟ್ ಭಾಷೆಗೆ 2012ರ 2.0 ಆವೃತ್ತಿಯಲ್ಲಿ ಪಾಲುದಾರ, ಪ್ರೇರಕ (ಬದಲಾವಣೆಗೆ ಒತ್ತಡ ತರುವ ಸಂಗತಿ), ಗುರಿ, ತತ್ತ್ವ, ಅವಶ್ಯಕತೆ, ನಿರ್ಬಂಧ ಮುಂತಾದ ಅಂಶಗಳು ಬಂದವು. ನಮ್ಮ ಬಳಿ ಆಗಲೇ ಆರ್ಕಿ ಎಂಬ ಉಚಿತ ತಂತ್ರಾಂಶದಲ್ಲಿ ಸಂಸ್ಥೆಯ ನಕ್ಷೆಗಳಿದ್ದವು. ಆದ್ದರಿಂದ ಚಿತ್ರವನ್ನು ಆರ್ಕಿಮೇಟ್‌ನಲ್ಲಿ ಬರೆದು, ಒಂದು ಆಯ್ಕೆ ಒಂದು ಗುರಿಗೆ ನೆರವಾಗುತ್ತದೆಯೋ ಪೆಟ್ಟು ಕೊಡುತ್ತದೆಯೋ ಎಂದು ಗುರುತಿಸುವ ಕ್ರಮವನ್ನು ಮಾತ್ರ ಜಿಆರ್‌ಎಲ್‌ನಿಂದ ತೆಗೆದುಕೊಂಡೆ. ಪಂಡಿತರಿಗೆ ಈ ಬೆರಕೆ ಹಿಡಿಸಲಿಕ್ಕಿಲ್ಲ. ನಮ್ಮ ಕೆಲಸಕ್ಕೆ ಸಾಕಾಯಿತು.

ಕೆಲಸದ ಬಹುಪಾಲು ಕೇಳುವುದರಲ್ಲಿಯೇ ಕಳೆಯಿತು. ಯಾರಾದರೂ ಒಂದು ಬೇಡಿಕೆ ಇಟ್ಟರೆ ಅದು ಏಕೆ ಬೇಕೆಂದು ಕೇಳಿ ಮೇಲಿನ ಗುರಿಗೆ ಹತ್ತುವುದು, ಆ ಗುರಿ ಹೇಗೆ ಈಡೇರುತ್ತದೆಂದು ಕೇಳಿ ಮತ್ತೆ ಕೆಳಗಿಳಿಯುವುದು, ಇಷ್ಟೇ ತಂತ್ರ. ಹೀಗೆ ಇಳಿಯುವಾಗ ಮೊದಲು ಯಾರೂ ಹೇಳದಿದ್ದ ಇನ್ನೊಂದು ದಾರಿ ಕಾಣಿಸಿಕೊಂಡರೆ ಏಕೆ ಎಂದು ಕೇಳಿದ್ದು ಸಾರ್ಥಕ.

‘ಇಡೀ ವ್ಯವಸ್ಥೆ ನೆಟ್‌ವರ್ಕ್ ಇಲ್ಲದೆಯೂ ನಡೆಯಬೇಕು’ ಎಂಬುದು ಶಾಖೆಗಳಿಂದ ಬಂದ ಬೇಡಿಕೆ. ನಮ್ಮ ಕೈಗೆಟಕುವ ದರದ ಪ್ಯಾಕೇಜ್‌ಗಳಲ್ಲಿ ಒಂದರಲ್ಲೂ ಅದು ಪೂರ್ತಿಯಾಗಿ ಇರಲಿಲ್ಲವಾದ್ದರಿಂದ, ಈ ಒಂದೇ ಬೇಡಿಕೆ ಎಲ್ಲವನ್ನೂ ನಾವೇ ಬರೆಯಬೇಕೆನ್ನುವವರ ಕೈಗೆ ಬಲ ಕೊಟ್ಟಿತ್ತು. ಶಾಖೆಯೊಂದರ ಫೀಲ್ಡ್ ಆಫೀಸರ್ ಒಬ್ಬರನ್ನು ಏಕೆಂದು ಕೇಳಿದೆ. ‘ಸರ್, ಮೀಟಿಂಗ್ ಎಂಟಕ್ಕ ಮುಗೀತದ, ನೆಟ್‌ವರ್ಕ್ ಸಿಗೂದು ನಾವು ಮೇನ್ ರೋಡಿಗೆ ಬಂದ ಮ್ಯಾಲ. ಅಲ್ಲೀಮಟ ರಸೀದಿ ಇಲ್ಲಂದ್ರ ಹೆಣ್ಮಕ್ಕಳು ರೊಕ್ಕ ಹೆಂಗ ಕೊಡ್ತಾರ್ರಿ?’ ಎಂದರು. ಅವರ ಗುರಿ ಇಷ್ಟೇ: ಕಂತು ಕೈಗೆ ಬಂದ ಕ್ಷಣವೇ ಸದಸ್ಯೆಗೆ ರಸೀದಿ ಸಿಗಬೇಕು. ಸಾಲ ಮಂಜೂರು ಮಾಡಲು ಸಾಲಗಾರರ ಹಿಂದಿನ ಸಾಲಗಳ ದಾಖಲೆ ಇಡುವ ಕ್ರೆಡಿಟ್ ಬ್ಯೂರೊದ ಮಾಹಿತಿ ಬೇಕು, ಅದು ನೆಟ್‌ವರ್ಕ್ ಇಲ್ಲದೆ ಬರುವುದೇ ಇಲ್ಲ. ಹಾಗಾಗಿ ಮಂಜೂರಾತಿಯ ಭಾಗ ಆಫ್‌ಲೈನ್ ಆಗಬೇಕೆಂಬುದಕ್ಕೆ ಮೇಲೆ ಯಾವ ಗುರಿಯೂ ಇರಲಿಲ್ಲ. ನಕ್ಷೆಯಲ್ಲಿ ಆ ಬೇಡಿಕೆಯ ಗೆರೆ ವಸೂಲಿಯ ಗುರಿಯೊಂದಕ್ಕೇ ಹೋಗಿ ನಿಂತಾಗ, ಆಫ್‌ಲೈನ್ ಆಗಬೇಕಾದದ್ದು ರಸೀದಿ ಕೊಡುವ ಚಿಕ್ಕ ಮೊಬೈಲ್ ಆ್ಯಪ್ ಮಾತ್ರ ಎಂಬುದು ಸಮಿತಿಗೆ ಸ್ಪಷ್ಟವಾಯಿತು.

ಎರಡನೆಯ ತಿರುವು ರಿಸರ್ವ್ ಬ್ಯಾಂಕಿನ ನಿಯಮದಿಂದ ಬಂತು. 2022ರ ಮಾರ್ಚ್ 14ರಂದು ಹೊರಟು ಏಪ್ರಿಲ್ 1ರಿಂದ ಜಾರಿಗೆ ಬಂದ ಕಿರುಸಾಲ ನಿರ್ದೇಶನಗಳ ಪ್ರಕಾರ, ವಾರ್ಷಿಕ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವೇ ಕಿರುಸಾಲ. ಆ ಕುಟುಂಬದ ಎಲ್ಲ ಸಾಲಗಳ ಮಾಸಿಕ ಮರುಪಾವತಿ ಕುಟುಂಬದ ಮಾಸಿಕ ಆದಾಯದ ಶೇಕಡಾ 50ನ್ನು ಮೀರುವಂತಿಲ್ಲ. ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಅವರ ಮದುವೆಯಾಗದ ಮಕ್ಕಳು. ತಿಂಗಳಿಗೆ 20,000 ರೂಪಾಯಿ ಆದಾಯದ ಮನೆಯಲ್ಲಿ ಗಂಡನ ಬೈಕ್ ಸಾಲಕ್ಕೆ 3,000, ಹೆಂಡತಿಯ ಗುಂಪು ಸಾಲಕ್ಕೆ 3,500 ರೂಪಾಯಿ ಹೋಗುತ್ತಿದ್ದರೆ, ಹೊಸ ಸಾಲದ ಕಂತು 3,500ಕ್ಕಿಂತ ಹೆಚ್ಚಾಗಕೂಡದು. ನಮ್ಮ ಹಳೆಯ ತಂತ್ರಾಂಶಕ್ಕೆ ಗೊತ್ತಿದ್ದುದು ಸದಸ್ಯೆ ಮತ್ತು ಆಕೆಯ ಖಾತೆ ಮಾತ್ರ. ಗಂಡನ ಆದಾಯವನ್ನು ಷರಾ ಕಾಲಂನಲ್ಲಿ ಟೈಪ್ ಮಾಡುವ ರೂಢಿಯಿತ್ತು, ಬೈಕ್ ಸಾಲದ ಸುದ್ದಿಗೆ ಅದೂ ಇರಲಿಲ್ಲ.

ಈ ನಿಯಮವನ್ನು ನಾನು ಗುರಿಯಾಗಿ ಬರೆಯದೆ ನಿರ್ಬಂಧವಾಗಿಯೇ ಬರೆದೆ. ಇದರಲ್ಲಿ ಚೌಕಾಶಿಗೆ ಎಡೆಯಿಲ್ಲ. ಅದರ ಮೇಲೆ ‘ಸದಸ್ಯೆಯ ಮನೆ ತೀರಿಸಲಾಗದಷ್ಟು ಸಾಲದಲ್ಲಿ ಸಿಲುಕಬಾರದು’ ಎಂಬ ಗುರಿಯನ್ನಿಟ್ಟೆ. ಶೇಕಡಾವಾರು ಮಿತಿ ನಾಳೆ ಬದಲಾಗಬಹುದು, ಆ ಗುರಿ ಬದಲಾಗುವುದಿಲ್ಲ. 2022ಕ್ಕೆ ಮೊದಲು ಆದಾಯದ ಮಿತಿ ಗ್ರಾಮೀಣ ಕುಟುಂಬಕ್ಕೆ 1.25 ಲಕ್ಷ, ಪಟ್ಟಣದವರಿಗೆ 2 ಲಕ್ಷ ಎಂದಿದ್ದುದನ್ನು ನೆನೆದರೆ ಇದು ಬರೀ ಊಹೆಯಲ್ಲ. ಈ ಗುರಿಯಿಂದ ಕೆಳಗಿಳಿದಾಗ ‘ಕುಟುಂಬ’ ಎಂಬುದು ದತ್ತಾಂಶದಲ್ಲಿ ಸ್ವತಂತ್ರ ಘಟಕವಾಗಬೇಕು, ಮಿತಿಗಳು ಕೋಡ್‌ನ ಹೊರಗೆ ಬದಲಾಯಿಸಬಲ್ಲ ನಿಯಮಗಳಾಗಿರಬೇಕು ಎಂಬ ಎರಡು ಅವಶ್ಯಕತೆಗಳು ಹೊರಬಂದವು. ಹಳೆಯ ತಂತ್ರಾಂಶವನ್ನು ಸುತ್ತುವರಿಯುವ ಎಪಿಐ ಪದರ ಇವೆರಡನ್ನೂ ತಾನಾಗಿ ಕೊಡಲಾರದು. ಸಿದ್ಧ ಪ್ಯಾಕೇಜ್ ಎರಡನ್ನೂ ಕೊಡುತ್ತಿತ್ತು, ಆದರೆ ವರ್ಷಗಳ ಲೆಕ್ಕಪತ್ರವನ್ನೆಲ್ಲ ಅದಕ್ಕೆ ಸಾಗಿಸಬೇಕಾಗಿದ್ದುದರಿಂದ ‘ಖಾತೆ ಬಾಕಿಯಲ್ಲಿ ಒಂದು ರೂಪಾಯಿಯೂ ವ್ಯತ್ಯಾಸ ಬರಬಾರದು’ ಎಂಬ ಲೆಕ್ಕ ವಿಭಾಗದ ಗುರಿಗೆ ಗಟ್ಟಿಯಾಗಿ ಪೆಟ್ಟು ಕೊಡುತ್ತಿತ್ತು.

ನಕ್ಷೆಯಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಪೆಟ್ಟನ್ನು ತೋರಿಸುವ ಈ ಋಣ (ಮೈನಸ್) ಚಿಹ್ನೆಯ ಗೆರೆಗಳಿಗೇ. ಎಲ್ಲ ಗೆರೆಗಳೂ ಧನಾತ್ಮಕವಾಗಿರುವ ನಕ್ಷೆಯನ್ನು ಕಂಡರೆ, ಆ ಆಯ್ಕೆಯ ಬೆಲೆ ತೆರಬೇಕಾದವರು ಸಭೆಗೆ ಬಂದಿರಲಿಲ್ಲವೆಂದೇ ತಿಳಿಯುತ್ತೇನೆ. ಲೆಕ್ಕ ವಿಭಾಗವನ್ನು ಕರೆಸಿದ ಮೇಲೆಯೇ ಆ ಗೆರೆ ನಕ್ಷೆಗೆ ಬಂದದ್ದು. ಹಾಗೆಯೇ ‘ಅರ್ಜಿ ಕೊಟ್ಟ ದಿನವೇ ಮಂಜೂರಾತಿ’ ಎಂಬ ವ್ಯವಹಾರ ವಿಭಾಗದ ಗುರಿಗೂ ‘ಮನೆಯ ಆದಾಯವನ್ನು ಕಣ್ಣಾರೆ ನೋಡಿ ಅಳೆಯಬೇಕು’ ಎಂಬ ಅಪಾಯ ನಿರ್ವಹಣೆಯವರ ಗುರಿಗೂ ಇದ್ದ ತಿಕ್ಕಾಟ ಎಲ್ಲರಿಗೂ ಒಳಗೊಳಗೆ ಗೊತ್ತಿತ್ತು. ಕಾಗದದ ಮೇಲೆ ಬಂದಾಗ ಇಬ್ಬರೂ ಒಂದೇ ಮೇಜಿಗೆ ಕೂತು, ಮೊದಲ ಸಾಲಕ್ಕೆ ಮನೆಭೇಟಿ ಕಡ್ಡಾಯ, ಮರುಸಾಲಕ್ಕೆ ಹಿಂದಿನ ಅಳತೆ ಸಾಕಷ್ಟು ಹೊಸದಾಗಿದ್ದರೆ ಅದೇ ದಿನದ ಮಂಜೂರಾತಿ ಎಂದು ಒಪ್ಪಿಕೊಂಡರು.

ಹಣಕಾಸು ಮುಖ್ಯಸ್ಥರಿಗೆ ಪ್ರತಿ ಗೆರೆಗೂ ಅಂಕ ಬೇಕಿತ್ತು. ಜಿಆರ್‌ಎಲ್‌ನಲ್ಲಿ ಮೈನಸ್ 100ರಿಂದ ಪ್ಲಸ್ 100ರವರೆಗೆ ತೂಕ ಕೊಟ್ಟು ಮೇಲಿನ ಗುರಿಗಳವರೆಗೆ ಲೆಕ್ಕ ಹಾಕುವ ಸೌಲಭ್ಯವೂ ಇದೆ. ನಾನು ಒಪ್ಪಲಿಲ್ಲ. ಒಂದು ಆಯ್ಕೆಗೆ 63, ಇನ್ನೊಂದಕ್ಕೆ 61 ಎಂದು ಬಂದರೆ ಆ ಎರಡು ಅಂಕಗಳ ಹಿಂದೆ ಯಾವ ಅಳತೆಯೂ ಇರುವುದಿಲ್ಲ, ಆದರೂ ಸಭೆ ಆ 63ನ್ನೇ ಹಿಡಿದುಕೊಳ್ಳುತ್ತದೆ. ಬಲವಾಗಿ ನೆರವು, ಸ್ವಲ್ಪ ನೆರವು, ಸ್ವಲ್ಪ ಪೆಟ್ಟು, ಬಲವಾದ ಪೆಟ್ಟು ಎಂಬ ನಾಲ್ಕು ಮಟ್ಟಗಳನ್ನಷ್ಟೇ ಇಟ್ಟು, ಪ್ರತಿ ಗೆರೆಯ ಪಕ್ಕದಲ್ಲಿ ಕಾರಣವನ್ನು ಒಂದು ವಾಕ್ಯದಲ್ಲಿ ಬರೆಸಿದೆ. ಕಾರಣ ಬರೆಯಲಾಗದ ಗೆರೆಗಳನ್ನು ಅಳಿಸಿದೆವು. ಅವು ಬಹಳಷ್ಟಿದ್ದವು.

ಕೊನೆಗೆ ಒಪ್ಪಿಗೆಯಾದದ್ದು ಮೊದಲ ಮೂರು ಆಯ್ಕೆಗಳಲ್ಲಿ ಯಾವುದೂ ಅಲ್ಲ. ಖಾತೆ ಮತ್ತು ಬಾಕಿಯ ಲೆಕ್ಕ ಹಳೆಯ ತಂತ್ರಾಂಶದಲ್ಲೇ ಉಳಿಯಿತು; ಕುಟುಂಬ, ಆದಾಯ ಅಳತೆ ಮತ್ತು ಮಂಜೂರಾತಿಯನ್ನು ಹೊಸ ಘಟಕವಾಗಿ ಬೇರ್ಪಡಿಸಿದೆವು; ರಸೀದಿಗೆ ಆಫ್‌ಲೈನ್ ಆ್ಯಪ್ ಬಂತು. ನಿರ್ಧಾರದ ದಾಖಲೆಯಲ್ಲಿ ಪ್ರತಿ ಅಂಶವೂ ಯಾವ ಗುರಿಗಾಗಿ, ಯಾವ ಗುರಿಯ ವೆಚ್ಚದಲ್ಲಿ ಎಂದು ನಮೂದಿಸಿದೆವು.

ಆ ದಾಖಲೆ ಕೆಲಸಕ್ಕೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಚರ್ಚೆ ನಮ್ಮಲ್ಲಿ ಶುರುವಾದಾಗ. ನಮ್ಮ ಗ್ರಾಹಕನಲ್ಲದ ಗಂಡನ ಆದಾಯವನ್ನು ಅವನ ಒಪ್ಪಿಗೆಯಿಲ್ಲದೆ ಇಟ್ಟುಕೊಳ್ಳಬಹುದೇ ಎಂದು ಕಾನೂನು ವಿಭಾಗ ಕೇಳಿತು. ಕಾಯ್ದೆಯನ್ನು ಹೊಸ ಪ್ರೇರಕವಾಗಿ ಸೇರಿಸಿ ಗೆರೆಗಳನ್ನು ಹಿಂಬಾಲಿಸಿದರೆ ಅವು ಕುಟುಂಬ ಘಟಕದಲ್ಲೇ ನಿಂತವು. ಖಾತೆಗಳನ್ನಾಗಲಿ ರಸೀದಿ ಆ್ಯಪನ್ನಾಗಲಿ ಮುಟ್ಟಬೇಕಾಗಲಿಲ್ಲ, ಒಪ್ಪಿಗೆ ಪಡೆಯುವ ಹಂತ ಮನೆಭೇಟಿಯ ಫಾರಂಗೆ ಸೇರಿತು.

ಈಗ ಒಂದು ನಿರ್ಧಾರಕ್ಕೆ ಒಂದೇ ಪುಟದ ನಕ್ಷೆ ಎಂಬ ಕಟ್ಟಳೆ ಇಟ್ಟುಕೊಂಡಿದ್ದೇವೆ. ಗೋಡೆ ತುಂಬುವ ನಕ್ಷೆಗಳನ್ನು ಸಲಹಾಗಾರರು ಬರೆದುಕೊಡುತ್ತಾರೆ, ಅವರು ಹೋದ ಮೇಲೆ ಅವನ್ನು ಯಾರೂ ತೆರೆಯುವುದಿಲ್ಲ. ಹೊಣೆ ಹೊರುವವರ ಹುದ್ದೆ ನಮೂದಾಗದ ಗುರಿಗೆ ನಕ್ಷೆಯಲ್ಲಿ ಜಾಗವಿಲ್ಲ. ಒಂದು ತಿಕ್ಕಾಟ ಮಾತ್ರ ಹಾಗೆಯೇ ಉಳಿದಿದೆ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಸಾಲಗಾರರಿಗೆ ಕರೆ ಮಾಡಕೂಡದೆಂಬ ರಿಸರ್ವ್ ಬ್ಯಾಂಕಿನ ನಿಯಮಕ್ಕೆ ತಕ್ಕಂತೆ ಆ್ಯಪ್‌ನಲ್ಲಿ ಕರೆ ಮಾಡುವ ಗುಂಡಿಯನ್ನು ಆ ಹೊತ್ತಿನಲ್ಲಿ ನಿಷ್ಕ್ರಿಯಗೊಳಿಸಿದ್ದೇವೆ. ಆದರೆ ಶಾಖೆಯ ಮಾಸಿಕ ವಸೂಲಿ ಗುರಿಯ ಒತ್ತಡ ಹೆಚ್ಚಾದಾಗ ಆಫೀಸರ್ ತಮ್ಮ ಸ್ವಂತ ಫೋನಿನಿಂದ ಕರೆ ಮಾಡಿದರೆ ಯಾವ ತಂತ್ರಾಂಶವೂ ತಡೆಯಲಾರದು. ಆ ಋಣ ಚಿಹ್ನೆಯ ಗೆರೆ ವಸೂಲಿಗೆ ಕೊಡುವ ಪ್ರೋತ್ಸಾಹಧನದ ಲೆಕ್ಕಾಚಾರದ ಕಡೆಗೆ ಹೋಗುತ್ತಿರುವುದರಿಂದ, ಅದನ್ನು ನಕ್ಷೆಯ ಸಮೇತ ವ್ಯವಹಾರ ಮುಖ್ಯಸ್ಥರ ಮುಂದಿಟ್ಟಿದ್ದೇನೆ.