ರಟ್ಟು, ಗೋಣಿ, ಸಿಲ್ವರ್ ಓಕ್ ಎಲೆ: ಪ್ರೆಸ್ ಇಲ್ಲದೆ ಕೊಲಾಗ್ರಾಫ್ ಕಲಿತದ್ದು

ತಾಮ್ರದ ಫಲಕ, ಆಮ್ಲ, ದೊಡ್ಡ ಪ್ರೆಸ್ ಇವು ಯಾವುವೂ ಕೈಗೆಟುಕದಿದ್ದುದರಿಂದ ಮುದ್ರಣಕಲೆಯ ಆಸೆಯನ್ನು ನಾನು ಕೊಲಾಗ್ರಾಫ್ ಮೂಲಕ ತೀರಿಸಿಕೊಂಡೆ. ರಟ್ಟಿನ ಮೇಲೆ ವಸ್ತುಗಳನ್ನು ಅಂಟಿಸಿ, ಶಾಯಿ ಹಚ್ಚಿ, ಕಾಗದಕ್ಕೆ ಒತ್ತುವ ಈ ಕ್ರಮಕ್ಕೆ 1950ರ ದಶಕದಲ್ಲಿ ಈ ಹೆಸರನ್ನು ರೂಢಿಗೆ ತಂದವರು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕಲಾವಿದ ಗ್ಲೆನ್ ಆಲ್ಪ್ಸ್. ಚಿಕ್ಕಮಗಳೂರಿನಲ್ಲಿ ಇದಕ್ಕೆ ಬೇಕಾದ ಸಾಮಗ್ರಿಯ ಹೆಚ್ಚಿನ ಪಾಲು ತೋಟದಲ್ಲೇ ಬಿದ್ದಿರುತ್ತದೆ.

ಫೋಟೊಗಳಿಗೆ ಚೌಕಟ್ಟು ಹಾಕುವ ಅಂಗಡಿಯಲ್ಲಿ ಉಳಿಯುವ ಗಟ್ಟಿ ರಟ್ಟಿನ ತುಂಡುಗಳೇ ನನ್ನ ಫಲಕಗಳು. ಅಂಚು ಚೂಪಾಗಿದ್ದರೆ ಒದ್ದೆ ಕಾಗದ ಹರಿಯುವುದರಿಂದ ಅದನ್ನು ಸ್ಯಾಂಡ್ ಪೇಪರಿನಿಂದ ಇಳಿಜಾರಾಗಿ ಉಜ್ಜಿಕೊಳ್ಳುತ್ತೇನೆ. ಅಂಟಿಸುವ ವಸ್ತು 2 ಮಿಲಿಮೀಟರಿಗಿಂತ ಎತ್ತರವಾಗದಿರುವುದು ಒಳ್ಳೆಯದು. ಎತ್ತರ ಹೆಚ್ಚಾದರೆ ಅದರ ಪಕ್ಕದ ತಗ್ಗಿಗೆ ಕಾಗದ ಇಳಿಯದೆ ಸುತ್ತಲೂ ಬಿಳಿ ಅಂಚು ಉಳಿಯುತ್ತದೆ.

ಯಾವ ಮೇಲ್ಮೈ ಎಷ್ಟು ಶಾಯಿಯನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದರ ಮೇಲೆಯೇ ಚಿತ್ರದ ಕಪ್ಪು ಬಿಳುಪು ನಿಂತಿದೆ. ಸ್ಯಾಂಡ್ ಪೇಪರಿನ ತುಂಡು ಅತ್ಯಂತ ಗಾಢವಾದ ಕಪ್ಪನ್ನು ಕೊಡುತ್ತದೆ, ಒಣಗಿ ನುಣುಪಾದ ಫೆವಿಕಾಲ್ ಹನಿಯಾದರೋ ಬೆಳ್ಳಗೆ ಉಳಿದು ತನ್ನ ಅಂಚಿನಲ್ಲಿ ಮಾತ್ರ ಕಪ್ಪು ಗೆರೆಯನ್ನು ಬಿಡುತ್ತದೆ. ರಟ್ಟಿನ ಮೇಲ್ಪದರವನ್ನು ಬ್ಲೇಡಿನಿಂದ ಕೊಯ್ದು ಸುಲಿದರೆ ಒಳಗಿನ ಒರಟು ಭಾಗವೂ ಕಪ್ಪಾಗಿಯೇ ಮೂಡುತ್ತದೆ. ಕಾಫಿ ಎಲೆಯ ಮೇಲ್ಭಾಗ ಹೊಳಪಾಗಿದ್ದು ನರಗಳು ಕೆಳಭಾಗದಲ್ಲಿ ಎದ್ದುನಿಂತಿರುವುದರಿಂದ ಅದನ್ನು ಮಗುಚಿ ಅಂಟಿಸಬೇಕು. ಸಿಲ್ವರ್ ಓಕ್ ಎಲೆಯ ಬೆಳ್ಳಿಬಣ್ಣದ ಅಡಿಭಾಗದಲ್ಲಿ ನವಿರಾದ ರೋಮವಿದ್ದು ಅದು ಮೆದುವಾದ ಬೂದು ಛಾಯೆಯನ್ನು ಕೊಡುತ್ತದೆ. ನನಗಂತೂ ಯಾವ ಕುಂಚದ ಕೆಲಸಕ್ಕಿಂತಲೂ ಅದೇ ಇಷ್ಟ. ಎಲೆಗಳನ್ನು ಭಾರದ ಪುಸ್ತಕಗಳ ಅಡಿಯಲ್ಲಿ ಪೂರ್ತಿ ಒಣಗಿಸಿದ ಮೇಲೆಯೇ ಬಳಸಬೇಕು.

ಇಡೀ ಕೆಲಸದಲ್ಲಿ ತಾಳ್ಮೆ ಬೇಡುವ ಹಂತ ವಾರ್ನಿಷ್. ಫೆವಿಕಾಲ್ ತೇವಕ್ಕೆ ಮೆತ್ತಗಾಗಿ ಕಾಗದವನ್ನು ಕಚ್ಚಿಕೊಳ್ಳುವುದರಿಂದ ಫಲಕದ ಮುಂಭಾಗ, ಹಿಂಭಾಗ, ಅಂಚು ಮೂರಕ್ಕೂ ರಕ್ಷಣೆ ಬೇಕು. ಮಲೆನಾಡಿನ ಮಳೆಗಾಲದಲ್ಲಿ ಎಣ್ಣೆ ವಾರ್ನಿಷ್ ದಿನಗಟ್ಟಲೆ ಅಂಟಂಟಾಗಿಯೇ ಇರುವುದರಿಂದ, ಬಡಗಿಗಳು ಸ್ಪಿರಿಟ್ಟಿನಲ್ಲಿ ಕರಗಿಸಿ ಬಳಸುವ ಶೆಲ್ಯಾಕನ್ನು ತೆಳುವಾಗಿ ಎರಡು ಸಲ ಬಳಿಯುತ್ತೇನೆ. ದಪ್ಪಗೆ ಬಳಿದರೆ ಎಲೆಯ ನವಿರೆಲ್ಲ ಮುಚ್ಚಿಹೋಗುತ್ತದೆ.

ಆಫ್‌ಸೆಟ್ ಮುದ್ರಣದ ಕಪ್ಪು ಶಾಯಿಗೆ ಒಂದೆರಡು ಹನಿ ಅಗಸೆ ಎಣ್ಣೆ ಬೆರೆಸಿ, ರಟ್ಟಿನ ಚೂರಿನಿಂದ ಎಲ್ಲ ತಗ್ಗುಗಳಿಗೂ ತುಂಬುತ್ತೇನೆ. ಬಳಿಕ ಗಂಜಿ ಹಾಕಿದ ಹತ್ತಿಬಟ್ಟೆಯನ್ನು ಉಂಡೆಮಾಡಿ ಸುತ್ತಿಸುತ್ತಿ ಒರೆಸಿ, ಕೊನೆಗೆ ಹಳೆಯ ಪತ್ರಿಕೆಯ ಹಾಳೆಯನ್ನು ಅಂಗೈಯಡಿ ಇಟ್ಟು ಉಬ್ಬಿದ ಭಾಗಗಳನ್ನಷ್ಟೇ ತಿಳಿಗೊಳಿಸುತ್ತೇನೆ. ನೆನೆಸಿದ ದಪ್ಪ ಡ್ರಾಯಿಂಗ್ ಕಾಗದದ ಮೇಲೆ ನೀರಿನ ಹೊಳಪು ಕಾಣದಂತೆ ಒತ್ತಿ ಆರಿಸಿ, ಫಲಕದ ಮೇಲೆ ಹಾಸಿ, ಸ್ಟೀಲ್ ಚಮಚದ ಬೆನ್ನಿನಿಂದ ಮಧ್ಯದಿಂದ ಅಂಚಿನ ಕಡೆಗೆ ಉಜ್ಜಬೇಕು. ಚಪಾತಿ ಲಟ್ಟಣಿಗೆಯ ಒತ್ತಡ ತಗ್ಗಿನ ಶಾಯಿಯನ್ನು ಎತ್ತಲು ಸಾಲದು. ಕೈಯಿಂದ ಒತ್ತುವವರಿಗೆ ಪೋಸ್ಟ್ ಕಾರ್ಡಿನಷ್ಟು ಫಲಕವೇ ಸರಿ.

ಫಲಕವನ್ನು ಅಡುಗೆ ಎಣ್ಣೆಯಿಂದ ಒರೆಸಿ ಶುಚಿಮಾಡುತ್ತೇನೆ, ನೀರು ತಾಗಿಸುವುದಿಲ್ಲ. ಪ್ರತಿಗಳು ಹೆಚ್ಚಿದಂತೆ ಎಲೆಯ ನವಿರು ಸವೆದು ಬೂದು ಛಾಯೆ ತೆಳುವಾಗುತ್ತದೆ. ಆಗ ತಗ್ಗಿಗೆ ಶಾಯಿ ತುಂಬುವುದನ್ನು ಬಿಟ್ಟು, ಉಬ್ಬಿದ ಭಾಗಗಳ ಮೇಲೆ ಮಾತ್ರ ರೋಲರಿನಿಂದ ಬಣ್ಣ ಉರುಳಿಸಿ ಅದೇ ಫಲಕದಿಂದ ಇನ್ನಷ್ಟು ಪ್ರತಿಗಳನ್ನು ತೆಗೆಯುತ್ತೇನೆ.